ಸರೋವರದ ದಡದಲ್ಲಿ ಮನೆ ಕಟ್ಟಲು ಯಾರ ಅಪ್ಪಣೆ?

ನಮ್ಮ ವಾಚನಾಲಯಕ್ಕೆ ದಿನವೂ ಸಂಜೆ ತಪ್ಪದೆ ಬರುವ ಹಿರಿಯರೊಬ್ಬರಿದ್ದಾರೆ. ಇದೇ ಮುಂಬಯಿಯ ಬ್ಯಾಂಕೊಂದರಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ಕಳೆದ ತಿಂಗಳು ಒಂದು ದಿನ ಅವರು ಪತ್ರಿಕೆಯನ್ನು ಕೈಗೆತ್ತಿಕೊಳ್ಳದೆ ಮಗಳು ಬರೆದ ಕಾಗದವನ್ನು ನಮ್ಮ ಮೇಜಿನ ಮೇಲಿಟ್ಟರು. ಮಗಳು ಅಳಿಯ ಕೆನಡಾ ದೇಶದ ಒಂಟಾರಿಯೊ ಪ್ರಾಂತದಲ್ಲಿದ್ದಾರೆ. ಸಾಲ ಮಾಡಿ ಈರಿ ಸರೋವರದ ದಡದಲ್ಲಿ ಹಳೆಯ ಮನೆಯೊಂದನ್ನು ಕೊಂಡರು. ನೀರಿನ ಕಡೆಗೆ ಒಂದು ಕೋಣೆ ಬೆಳೆಸುತ್ತೇವೆ, ದಡಕ್ಕೆ ಕಾಂಕ್ರೀಟು ಗೋಡೆ ಕಟ್ಟುತ್ತೇವೆ ಎಂದು ಅರ್ಜಿ ಹಾಕಿದರು. ಅಲ್ಲಿಯ ಸಂರಕ್ಷಣಾ ಪ್ರಾಧಿಕಾರ ಎರಡಕ್ಕೂ ಒಪ್ಪಲಿಲ್ಲ. "ನೆಲ ಅವರದು, ದುಡ್ಡು ಅವರದು, ಪುರಸಭೆಯ ತಕರಾರೂ ಇಲ್ಲ. ನಡುವೆ ಇವರು ಯಾರು ಸ್ವಾಮೀ?" ಎಂದು ಹಿರಿಯರು ಕೇಳಿದರು. ನಮಗೂ ಆ ಹೊತ್ತಿಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮಳೆಯ ನೀರಿಗೆ ಊರಿನ ಗಡಿಕಲ್ಲು ಕಾಣುವುದಿಲ್ಲ. ಮೇಲಿನ ಊರಿನವರು ಕಾಡು ಕಡಿದರೆ ಕೆಳಗಿನ ಊರಿನಲ್ಲಿ ಹೊಳೆ ಉಕ್ಕುತ್ತದೆ. ಕೆಳಗಿನವರು ಯಾರ ಮೇಲೆ ದೂರು ಕೊಡಬೇಕು? ಒಂಟಾರಿಯೊದವರು ಇದಕ್ಕೆ 1946ರಲ್ಲಿ ಒಂದು ಕಾಯಿದೆ ಮಾಡಿದರು. ಒಂದು ಹೊಳೆಗೆ ಎಲ್ಲೆಲ್ಲಿಂದ ನೀರು ಹರಿದು ಬರುತ್ತದೋ ಅಷ್ಟು ನೆಲವನ್ನು, ಅಂದರೆ ಆ ಹೊಳೆಯ ಜಲಾನಯನ ಪ್ರದೇಶವನ್ನು, ಒಂದು ಘಟಕವೆಂದು ಎಣಿಸುವುದು. ಅದರೊಳಗಿನ ಪುರಸಭೆಗಳೆಲ್ಲ ತಮ್ಮ ತಮ್ಮ ಪ್ರತಿನಿಧಿಗಳನ್ನು ಕಳಿಸಿ, ಖರ್ಚಿಗೆ ತಮ್ಮ ಪಾಲು ಕೊಟ್ಟು, ಒಂದು ಪ್ರಾಧಿಕಾರವನ್ನು ನಡೆಸುವುದು. ಇಂಥ ಪ್ರಾಧಿಕಾರಗಳು ಬೆಳೆದು 36 ಆದವು. ಪುರಸಭೆ ತನ್ನ ಗಡಿಯೊಳಗಿನದನ್ನು ನೋಡಿಕೊಂಡರೆ ಇವು ನೀರಿನ ಗಡಿಯನ್ನು ನೋಡಿಕೊಳ್ಳುತ್ತವೆ.

ಮೊದಲ ಕೆಲವು ವರ್ಷ ಇವುಗಳ ಮಾತನ್ನು ಜನ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1954ರ ಅಕ್ಟೋಬರ್ 15ರ ರಾತ್ರಿ ಹೇಜಲ್ ಎಂಬ ಚಂಡಮಾರುತ ಟೊರಾಂಟೊ ನಗರದ ಮೇಲೆ ಬಂದಿತು. 48 ಗಂಟೆಗಳಲ್ಲಿ 285 ಮಿಲಿಮೀಟರು ಮಳೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಸುರಿದುದನ್ನು ಕಂಡ ನಮ್ಮ ವಾಚಕರಿಗೆ ಇದು ದೊಡ್ಡ ಮಳೆ ಎನಿಸದೆ ಇರಬಹುದು. ಆದರೆ ಅಲ್ಲಿಯ ನೆಲ ಹಿಂದಿನ ಮಳೆಗೇ ನೆನೆದು ತಣಿದಿತ್ತು. ಬಿದ್ದ ನೀರು ಇಂಗದೆ ಹೊಳೆಗೆ ಇಳಿಯಿತು. ಹಂಬರ್ ನದಿಯ ಪಾತ್ರದ ಮಗ್ಗುಲಲ್ಲಿಯೇ ರೇಮೋರ್ ಡ್ರೈವ್ ಎಂಬ ಬೀದಿಯಿತ್ತು. ಆ ಒಂದು ಬೀದಿಯಲ್ಲಿಯೇ 35 ಮಂದಿ ತೀರಿಕೊಂಡರು. ಪ್ರಾಂತದಲ್ಲಿ ಒಟ್ಟು 81 ಜನ. ಸತ್ತವರು ಕಾನೂನು ಮುರಿದವರಲ್ಲ. ತಮ್ಮ ಮನೆಗಳಲ್ಲಿ ಮಲಗಿದ್ದವರು. ಅಲ್ಲಿ ಮನೆ ಕಟ್ಟಬೇಡಿರಿ ಎಂದು ತಡೆಯುವ ಅಧಿಕಾರ ಮಾತ್ರ ಯಾರೂ ಚಲಾಯಿಸಿರಲಿಲ್ಲ.

ಆ ಬಳಿಕ ಟೊರಾಂಟೊ ಸುತ್ತಲಿನ ನಾಲ್ಕು ಪ್ರಾಧಿಕಾರಗಳು 1957ರಲ್ಲಿ ಒಂದಾದವು. ನೆರೆ ಬರುವ ನೆಲವನ್ನು ಸಾರ್ವಜನಿಕರ ಹಣದಿಂದ ಕೊಂಡರು. ರೇಮೋರ್ ಡ್ರೈವಿನ ಮನೆಗಳಿದ್ದ ಜಾಗ ಉದ್ಯಾನವಾಯಿತು. ಅಪ್ಪಣೆಯಿಲ್ಲದೆ ಮಣ್ಣು ತುಂಬಬಾರದು, ಕಟ್ಟಬಾರದು ಎಂಬ ನಿಯಮ ಮೊದಲು ಹೊಳೆಯ ದಂಡೆಗೆ, ಕಾಲಕ್ರಮದಲ್ಲಿ ದೊಡ್ಡ ಸರೋವರಗಳ ದಡಕ್ಕೂ ಬಂದಿತು. ಪ್ರಾಧಿಕಾರಕ್ಕೊಂದರಂತೆ ಬೇರೆಬೇರೆಯಾಗಿದ್ದ ನಿಯಮಾವಳಿಗಳನ್ನು ತೆಗೆದು 2024ರ ಏಪ್ರಿಲ್ 1ರಿಂದ ಎಲ್ಲಕ್ಕೂ ಒಂದೇ ನಿಯಮಾವಳಿ ಮಾಡಿದರು.

ಸರೋವರದ ದಡಕ್ಕೆ ಅವರು ಎಳೆಯುವ ಗೆರೆ ಹೇಗೆ ಎಂಬುದೇ ಇದರಲ್ಲಿ ಸ್ವಾರಸ್ಯದ ಭಾಗ. ಇಂದು ನೀರು ಎಲ್ಲಿ ನಿಂತಿದೆ ಎಂದು ಅವರು ಕೇಳುವುದಿಲ್ಲ. ನೂರು ವರ್ಷದೊಳಗೆ ಎಲ್ಲಿಗೆ ಬಂದೀತು ಎಂದು ಕೇಳುತ್ತಾರೆ. ಅದಕ್ಕೆ ಮೂರು ಲೆಕ್ಕ.

ಮೊದಲನೆಯದು ನೆರೆ. ನೂರು ವರ್ಷದ ನೀರಿನ ಮಟ್ಟ ಎಂದು ಒಂದನ್ನು ಗೊತ್ತುಮಾಡಿ, ಅದರ ಮೇಲೆ ಅಲೆ ಏರಿಬರುವ ಅಂತರವನ್ನು ಕೂಡಿಸುತ್ತಾರೆ. ಪ್ರತ್ಯೇಕ ಪರೀಕ್ಷೆ ನಡೆಯದ ಕಡೆ ಮಹಾಸರೋವರಗಳಿಗೆ ಈ ಅಂತರ 15 ಮೀಟರು. ನೂರು ವರ್ಷದ ಮಟ್ಟವೆಂದರೆ ನೂರು ವರ್ಷಕ್ಕೊಮ್ಮೆ ಮಾತ್ರ ಬರುವುದೆಂದು ತಿಳಿಯಬಾರದು. ಯಾವ ವರ್ಷವಾದರೂ ಬರುವ ಸಂಭವ ನೂರರಲ್ಲಿ ಒಂದು ಎಂದು ಅರ್ಥ. ಮೂವತ್ತು ವರ್ಷದ ಮನೆಸಾಲ ತೀರುವುದರೊಳಗೆ ಒಮ್ಮೆಯಾದರೂ ಬರುವ ಸಂಭವ ಸುಮಾರು ನಾಲ್ಕರಲ್ಲಿ ಒಂದಾಗುತ್ತದೆ. ಸಾಲ ಕಟ್ಟುವವರು ಇದನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡುವುದು ಒಳ್ಳೆಯದು. ಒಂಟಾರಿಯೊ ಸರೋವರವು 2017ರಲ್ಲಿ ಹಿಂದಿನ ದಾಖಲೆ ಮುರಿದು ಏರಿತು. ಎರಡೇ ವರ್ಷದಲ್ಲಿ, 2019ರಲ್ಲಿ, ಆ ದಾಖಲೆಯನ್ನೂ ಮುರಿಯಿತು.

ಎರಡನೆಯದು ಕೊರೆತ. ಈರಿ ಸರೋವರದ ಉತ್ತರದ ದಡ ಹಲವು ಕಡೆ ಎತ್ತರದ ಮಣ್ಣಿನ ಗೋಡೆ. ನಮ್ಮ ಕರಾವಳಿ, ಮಲೆನಾಡುಗಳಲ್ಲಿ ದರೆ ಎನ್ನುತ್ತೇವಲ್ಲ, ಅದೇ. ಕೆಳಗೆ ಅಲೆ ಬುಡವನ್ನು ಕಡಿಯುತ್ತದೆ, ಮೇಲಿನ ಮಣ್ಣು ಜರಿಯುತ್ತದೆ. ಮಣ್ಣು ಜರಿಯದೆ ನಿಲ್ಲಬೇಕಾದರೆ ಒಂದು ಮೀಟರು ಎತ್ತರಕ್ಕೆ ಮೂರು ಮೀಟರು ಇಳಿಜಾರು ಬೇಕೆಂದು ಅವರ ಸಾಮಾನ್ಯ ಸೂತ್ರ. ಇದಕ್ಕೆ ವರ್ಷಕ್ಕೆ ಸರಾಸರಿ ಎಷ್ಟು ದಡ ಹೋಗುತ್ತದೋ ಅದರ ನೂರು ಪಟ್ಟನ್ನು ಸೇರಿಸಬೇಕು. ನೆಟ್ಟಗೆ ನಿಂತ ಹತ್ತು ಮೀಟರು ದರೆ, ವರ್ಷಕ್ಕೆ ಒಂದು ಅಡಿ, ಅಂದರೆ ಸುಮಾರು 30 ಸೆಂಟಿಮೀಟರು ಕೊರೆತ ಎಂದಿಟ್ಟುಕೊಳ್ಳೋಣ. ಇಳಿಜಾರಿಗೆ 30 ಮೀಟರು, ನೂರು ವರ್ಷದ ಕೊರೆತಕ್ಕೆ 30 ಮೀಟರು, ಒಟ್ಟು 60. ಇದರಾಚೆಗೂ ಇನ್ನು 15 ಮೀಟರಿನೊಳಗೆ ಏನು ಮಾಡುವುದಿದ್ದರೂ ಕೇಳಿಯೇ ಮಾಡಬೇಕು. ನಮ್ಮ ಹಿರಿಯರ ಅಳಿಯಂದಿರ ಮನೆ ದರೆಯ ಅಂಚಿನಿಂದ ನಲವತ್ತು ಮೀಟರಿನಲ್ಲಿದೆಯಂತೆ. ಕೋಣೆಗೆ ಒಪ್ಪಿಗೆ ಸಿಗದಿರಲು ಬೇರೆ ಕಾರಣ ಹುಡುಕಬೇಕಾಗಿಲ್ಲ.

ಮೂರನೆಯದು ಮರಳ ದಂಡೆ. ಮರಳು ಒಂದು ವರ್ಷ ಇದ್ದಲ್ಲಿ ಇನ್ನೊಂದು ವರ್ಷ ಇರುವುದಿಲ್ಲ. ಅದು ಹೋಗಿಬಂದು ಮಾಡಲು ನೆರೆಯ ಗೆರೆಯ ಆಚೆಗೂ 30 ಮೀಟರು ಬಿಡುತ್ತಾರೆ.

ಗೋಡೆಯ ವಿಷಯ ಬೇರೆ. ತನ್ನ ಮನೆ ಉಳಿಸಿಕೊಳ್ಳಲು ತನ್ನ ಖರ್ಚಿನಲ್ಲಿ ಗೋಡೆ ಕಟ್ಟುವವನನ್ನು ತಡೆಯುವುದು ಮೊದಲ ನೋಟಕ್ಕೆ ಕ್ರೂರವಾಗಿ ಕಾಣುತ್ತದೆ. ನಮಗೂ ಹಾಗೆಯೇ ಕಂಡಿತು. ಆದರೆ ದರೆಯಿಂದ ಜರಿದ ಮಣ್ಣು ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕು. ಅಲೆಗಳು ಅದನ್ನು ದಡದುದ್ದಕ್ಕೂ ಸಾಗಿಸಿ ಮುಂದಿನ ದಂಡೆಗಳಿಗೆ ಮರಳಾಗಿ ಹಾಕುತ್ತವೆ. ಈರಿ ಸರೋವರದಲ್ಲಿ ಸುಮಾರು 40 ಕಿಲೋಮೀಟರು ಉದ್ದಕ್ಕೆ ಚಾಚಿಕೊಂಡಿರುವ ಲಾಂಗ್ ಪಾಯಿಂಟ್ ಎಂಬ ಮರಳಿನ ನಾಲಿಗೆ ಬೆಳೆದದ್ದು ಪಶ್ಚಿಮದ ದರೆಗಳು ಕರಗಿದ ಮಣ್ಣಿನಿಂದ. ಒಬ್ಬನು ಗೋಡೆ ಕಟ್ಟಿದರೆ ಮುಂದಿನವನ ಮರಳು ನಿಂತುಹೋಗುತ್ತದೆ; ಗೋಡೆಗೆ ಬಡಿದು ಹಿಂತಿರುಗಿದ ಅಲೆ ಅದರ ಬುಡವನ್ನೇ ತೋಡುತ್ತದೆ. ಉಳ್ಳಾಲದ ಕಡೆಯ ನಮ್ಮ ಸದಸ್ಯರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಕಲ್ಲು ಸುರಿದಲ್ಲಿ ನಿಂತ ಕಡಲ್ಕೊರೆತ ಮಗ್ಗುಲಲ್ಲಿ ಏಳುವುದನ್ನು ಕಂಡವರು ಅವರು. ಹೀಗಾಗಿ 1985–86ರಲ್ಲಿ ಮಹಾಸರೋವರಗಳು ತುಂಬಿ ಹಾನಿಯಾದ ಮೇಲೆ ಹಲವು ಪ್ರಾಧಿಕಾರಗಳು ಒಬ್ಬೊಬ್ಬರ ನಿವೇಶನವನ್ನು ಬಿಡಿಯಾಗಿ ನೋಡುವುದನ್ನು ಬಿಟ್ಟು, ಮರಳು ಎಲ್ಲಿಂದ ಎಲ್ಲಿಗೆ ಸಾಗುತ್ತದೋ ಅಷ್ಟು ದಡಕ್ಕೆ ಒಂದೇ ಯೋಜನೆ ಬರೆಯಲು ತೊಡಗಿದವು.

ನೀರಿನ ಗುಣ ಕೆಟ್ಟಿರುವ ಕಡೆ ಇನ್ನೂ ಬಿಗಿಯಾದ ಯೋಜನೆ ಬಂದದ್ದುಂಟು. ಟೊರಾಂಟೊದ ಉತ್ತರಕ್ಕಿರುವ ಸಿಮ್ಕೊ ಸರೋವರಕ್ಕೆ 2008ರಲ್ಲಿ ಪ್ರತ್ಯೇಕ ಕಾಯಿದೆಯನ್ನೂ 2009ರಲ್ಲಿ ಯೋಜನೆಯನ್ನೂ ಮಾಡಿದರು. ಹೊಲದ ಗೊಬ್ಬರ, ಊರಿನ ಕೊಳೆ ಎಲ್ಲ ಸೇರಿ ಸರೋವರಕ್ಕೆ ಇಳಿಯುವ ರಂಜಕವನ್ನು ವರ್ಷಕ್ಕೆ 44 ಟನ್ನಿಗೆ ಇಳಿಸಬೇಕೆಂಬುದು ಅದರ ಗುರಿ. ರಂಜಕ ಹೆಚ್ಚಿದರೆ ಪಾಚಿ ಬೆಳೆಯುತ್ತದೆ, ಪಾಚಿ ಕೊಳೆತರೆ ಆಳದ ನೀರಿನಲ್ಲಿ ಆಮ್ಲಜನಕ ತೀರುತ್ತದೆ, ತಣ್ಣೀರಿನ ಮೀನು ಉಸಿರು ಕಟ್ಟಿ ಸಾಯುತ್ತದೆ. ಆದಕಾರಣ ದಡದಲ್ಲಿ ಗಿಡಮರಗಳ ಪಟ್ಟಿಯನ್ನು ಹಾಗೆಯೇ ಬಿಡಬೇಕೆಂದು ಗೊತ್ತುಮಾಡಿದರು.

ಇದೆಲ್ಲ ಜಗಳವಿಲ್ಲದೆ ನಡೆಯುತ್ತದೆಂದು ನಾವು ಹೇಳಲಾರೆವು. ಅಪ್ಪಣೆ ಸಿಗದವರು ಪ್ರಾಧಿಕಾರದ ಮುಂದೆ ವಿಚಾರಣೆ ಕೇಳಬಹುದು, ಅಲ್ಲಿಯೂ ಆಗದಿದ್ದರೆ ನ್ಯಾಯಮಂಡಳಿಗೆ ಹೋಗಬಹುದು. ಆದರೆ ಇಂಜಿನಿಯರ ವರದಿಗೆ ತಗಲುವ ಹಣ ಚಿಕ್ಕ ಮನೆಯವನಿಗೆ ಹೊರೆಯೇ. ಇತ್ತ ಮನೆಗಳ ಅಭಾವದ ಕಾರಣ ಹೇಳಿ ಪ್ರಾಂತ ಸರಕಾರ 2022ರಲ್ಲಿ ಈ ಪ್ರಾಧಿಕಾರಗಳ ಅಧಿಕಾರವನ್ನು ಮೊಟಕುಮಾಡಿತು. ನೆರೆ, ಕೊರೆತಗಳ ವಿಷಯ ಅವುಗಳ ಕೈಯಲ್ಲಿ ಉಳಿಯಿತು. ಮಾಲಿನ್ಯದ ಕಾರಣಕ್ಕೆ ಅಪ್ಪಣೆ ನಿರಾಕರಿಸುವ ದಾರಿ ಮುಚ್ಚಿತು. 2025ರಲ್ಲಿ 36ನ್ನೂ ಸೇರಿಸಿ ಕೆಲವೇ ದೊಡ್ಡ ಪ್ರಾಧಿಕಾರಗಳನ್ನು ಮಾಡುವ ಪ್ರಸ್ತಾಪವನ್ನೂ ತಂದಿತು. ಕಡತ ಬೇಗ ಸಾಗೀತು ಎಂಬುದು ಸರಕಾರದ ವಾದ. ಊರಿನ ಹೊಳೆಯನ್ನು ಬಲ್ಲವರು ದೂರವಾಗುತ್ತಾರೆ ಎಂಬುದು ವಿರೋಧಿಗಳ ಮಾತು. ನಮ್ಮ ಮನಸ್ಸು ಎರಡನೆಯದರ ಕಡೆಗೇ ವಾಲುತ್ತದೆ.

ನಮ್ಮ ನಾಡಿನಲ್ಲಿಯೂ ಇದೇ ಪ್ರಶ್ನೆ ಎದ್ದಿತ್ತು. ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರು ಬಿಡಬೇಕೆಂದು 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆಜ್ಞೆ ಮಾಡಿತು. 2019ರಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ತೆಗೆದುಹಾಕಿತು. ಅಲ್ಲಿ ವಾದವೆಲ್ಲ ಒಂದು ಅಂಕಿಯ ಮೇಲೆ ನಡೆಯಿತು. ಈರಿ ದಡದಲ್ಲಿ ಅಂಕಿ ಒಂದೇ ಅಲ್ಲ. ದರೆ ಎತ್ತರವಿದ್ದಲ್ಲಿ ದೊಡ್ಡದು, ಬಂಡೆ ಗಟ್ಟಿಯಾಗಿದ್ದಲ್ಲಿ ಚಿಕ್ಕದು. ಊರಿನಲ್ಲಿ ಕೆರೆಯ ಮಗ್ಗುಲಿಗೆ ನಿವೇಶನ ಕೊಳ್ಳಲು ಇಲ್ಲಿಂದ ಹಣ ಕಳಿಸುತ್ತಿರುವ ಸದಸ್ಯರು ಕೆಲವರಿದ್ದಾರೆ. ಅವರು ದಲ್ಲಾಳಿ ತೋರಿಸುವ ಬಣ್ಣದ ಚಿತ್ರದ ಜೊತೆಗೆ ಹಳೆಯ ಗ್ರಾಮನಕ್ಷೆಯನ್ನೂ ತರಿಸಿಕೊಂಡು ರಾಜಕಾಲುವೆ ಎಲ್ಲಿ ಹಾಯುತ್ತದೆಂದು ನೋಡಬೇಕು. ನಕ್ಷೆ ಓದಲು ಬಾರದಿದ್ದರೆ ಭಾನುವಾರ ಬೆಳಿಗ್ಗೆ ವಾಚನಾಲಯಕ್ಕೆ ತನ್ನಿರಿ, ಕೂಡಿ ನೋಡೋಣ.

ನಾವು ಮಾಡಿದ ಅರವತ್ತು ಮೀಟರಿನ ಲೆಕ್ಕವನ್ನು ಹಿರಿಯರು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಮಗಳಿಗೆ ಓದಿ ಹೇಳಿದರಂತೆ. ಅಳಿಯಂದಿರು ಗೋಡೆಯ ಯೋಚನೆ ಬಿಟ್ಟಿದ್ದಾರೆ. ಕೋಣೆಯನ್ನು ರಸ್ತೆಯ ಕಡೆಗೆ ತಿರುಗಿಸಿ ಬೇರೆ ನಕ್ಷೆ ಬರೆಸುತ್ತಿದ್ದಾರೆಂದು ಹಿರಿಯರು ಮೊನ್ನೆ ಬಂದು ಹೇಳಿದರು. ಅದಕ್ಕೆ ಒಪ್ಪಿಗೆ ಇನ್ನೂ ಬಂದಿಲ್ಲ.