ಬೆಂಗ್ರೆ: ಹೊಳೆಯಾಚೆಯ ಮಂಗಳೂರು

ಮಂಗಳೂರು ಮಹಾನಗರ ಪಾಲಿಕೆಯ 60 ವಾರ್ಡ್‌ಗಳ ಪಟ್ಟಿಯಲ್ಲಿ ಬೆಂಗ್ರೆಯದು ಕಡೆಯ ಹೆಸರು. ಪಟ್ಟಿಯಲ್ಲಿ ಕಡೆಯದಾದರೂ ಊರಿನ ಹಳೆಯ ಪೇಟೆ ಬಂದರಿಗೆ ಅದು ಎದುರು ದಡ. ನಡುವೆ ಇರುವುದು ಗುರುಪುರ ಹೊಳೆ ಮಾತ್ರ. ಸಮುದ್ರದ ಹತ್ತಿರ ಬಂದ ಮೇಲೂ ಕಡಲಿಗೆ ಸೇರದೆ ತೀರದ ಗುಂಟ ತೆಂಕಕ್ಕೆ ಹರಿಯುವ ಈ ಹೊಳೆ, ನೇತ್ರಾವತಿಯನ್ನು ಕೂಡಿಕೊಂಡು ಅಳಿವೆ ಬಾಗಿಲಲ್ಲಿ ಕಡಲು ಸೇರುತ್ತದೆ. ಹೊಳೆಗೂ ಕಡಲಿಗೂ ನಡುವೆ ಉಳಿದ ಉದ್ದನೆಯ ಮರಳ ಪಟ್ಟಿಯೇ ಬೆಂಗ್ರೆ.

ಸುಲ್ತಾನ್ ಬತ್ತೇರಿಯ ಕಡವಿನಲ್ಲಿ ಫೆರಿ ಹತ್ತಿದರೆ ಕೆಲವೇ ನಿಮಿಷಗಳಲ್ಲಿ ಆಚೆ ದಡ. ಇಳಿದ ಕೂಡಲೇ ಗಮನಕ್ಕೆ ಬರುವುದು ಹಾರ್ನ್ ಸದ್ದಿಲ್ಲದಿರುವುದು. ತೋಟ ಬೆಂಗ್ರೆಯ ಓಣಿಗಳಲ್ಲಿ ಒಂದು ತೆಂಗಿನ ನೆರಳು ಮುಗಿಯುವಲ್ಲಿ ಇನ್ನೊಂದು ಶುರು. ಹೆಂಚಿನ ಮನೆಗಳ ಅಂಗಳದಲ್ಲಿ ದಾಸವಾಳ, ಕಡಲ ಬದಿಗೆ ಗಾಳಿಮರಗಳು. ಇಲ್ಲಿ ಮೊಗವೀರರ ಭಜನಾ ಮಂದಿರಗಳು. ಕಸಬಾ ಬೆಂಗ್ರೆಯಲ್ಲಿ ಬ್ಯಾರಿಗಳ ಮಸೀದಿಗಳು. ಎರಡೂ ಕಡೆಯವರ ಅನ್ನ ಮೀನಿನಿಂದಲೇ. ಇಷ್ಟು ದೊಡ್ಡ ನಗರದ ಮಗ್ಗುಲಲ್ಲಿ ಇಷ್ಟು ನೆಮ್ಮದಿಯ ವಸತಿ ಇನ್ನೊಂದನ್ನು ನಾನು ಕಂಡಿಲ್ಲ.

ಚರಿತ್ರೆ ನಗರದ ದಡದಲ್ಲೇ ನಿಂತಿದೆ. ಶತ್ರುಗಳ ಹಡಗು ಹೊಳೆಗೆ ನುಗ್ಗದಂತೆ ಕಾಯಲು ಟಿಪ್ಪು ಸುಲ್ತಾನ್ ಕರಿಕಲ್ಲಿನ ಬತ್ತೇರಿ ಕಟ್ಟಿಸಿದ್ದು 1784ರಲ್ಲಿ. ಟಿಪ್ಪು ಮತ್ತು ಬ್ರಿಟಿಷರ ನಡುವಿನ ಮಂಗಳೂರು ಒಪ್ಪಂದಕ್ಕೆ ಸಹಿ ಬಿದ್ದದ್ದೂ ಅದೇ ವರ್ಷ. 1970ರ ದಶಕದಲ್ಲಿ ಪಣಂಬೂರಿನ ನವಮಂಗಳೂರು ಬಂದರು ಬರುವವರೆಗೆ ಊರಿನ ಕಡಲ ವ್ಯಾಪಾರವೆಲ್ಲ ಈ ಹೊಳೆಯ ಮೂಲಕ. ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿ ಹಡಗುಗಳು ಈಗಲೂ ಹಳೆ ಬಂದರಿನಿಂದಲೇ ಹೊರಡುತ್ತವೆ.

ತೆಂಗಿನ ಬುಡದಲ್ಲಿ ಬಲೆ ಹರವಿಕೊಂಡು ಕೂತಿದ್ದ ಹಿರಿಯರೊಬ್ಬರು ಮಾತಿಗೆ ಸಿಕ್ಕಿದರು. ಕಾಲ ಹೆಬ್ಬೆರಳಿಗೆ ಬಲೆಯ ಅಂಚು ಸಿಕ್ಕಿಸಿ ಎಳೆದು ಹಿಡಿದಿದ್ದರು. ಹರಿದ ಕಡೆ ಮೊದಲು ಚೂರಿಯಿಂದ ಜೂಲು ಕತ್ತರಿಸಿ, ಸರಿಯಾದ ಕಣ್ಣು ಸಿಗುವವರೆಗೆ ತೂತನ್ನು ಇನ್ನೂ ದೊಡ್ಡದು ಮಾಡಿದರು. ಆಮೇಲೆ ನೂಲು ಸುತ್ತಿದ ಕಡ್ಡಿ ಓಡತೊಡಗಿತು: ಒಳಗೆ, ಸುತ್ತು, ಗಂಟು, ಎಳೆತ. ಕಣ್ಣಿನ ಅಳತೆಗೆ ಅವರ ಬೆರಳೇ ಪ್ರಮಾಣ.

‘ಈಗ ನೈಲಾನ್, ಬೇಗ ಕೊಳೆಯುವುದಿಲ್ಲ. ನಾವು ಸಣ್ಣವರಿರುವಾಗ ಹತ್ತಿ ನೂಲು ಮಾರ್ರೆ. ಚೊಗರು ನೀರಲ್ಲಿ ಅದ್ದಿ ಒಣಗಿಸಬೇಕಿತ್ತು’ ಎಂದರು. ರಂಪಣಿ ಬಲೆಯ ಕಾಲವನ್ನು ನೆನೆದಾಗ ಕಡ್ಡಿ ನಿಂತಿತು. ದೋಣಿಯಲ್ಲಿ ಹೋಗಿ ಅರ್ಧ ಚಂದ್ರಾಕಾರದಲ್ಲಿ ಬಲೆ ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಡದಿಂದ ಇಡೀ ಊರು ಎಳೆಯುತ್ತಿತ್ತು. ಬಂದ ಬೂತಾಯಿ, ಬಂಗುಡೆಯಲ್ಲಿ ಎಳೆದವರಿಗೆಲ್ಲ ಪಾಲು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದು ಮೀನಿನ ಗುಂಪನ್ನು ಕಡಲಲ್ಲೇ ಸುತ್ತುವರಿದ ಮೇಲೆ ರಂಪಣಿ ಸೋತಿತು. ‘ನನ್ನ ನಂತರ ಮನೆಯಲ್ಲಿ ಬಲೆ ಮುಟ್ಟುವವರಿಲ್ಲ. ಮಕ್ಕಳು ಕಲಿತಿದ್ದಾರೆ, ಆಚೆ ಕೆಲಸಕ್ಕೆ ಹೋಗ್ತಾರೆ. ತಪ್ಪು ಅಂತ ಹೇಳುವುದಿಲ್ಲ’ ಎಂದವರು ಮತ್ತೆ ಗಂಟಿಗೆ ಮರಳಿದರು. ರಂಪಣಿಯ ಪಾಲಿನ ಲೆಕ್ಕಾಚಾರ ಬಲ್ಲವರ ಮಾತನ್ನು ಈಗಲೇ ಬರೆದಿಡಬೇಕು.

ಊರಿನವರ ದೊಡ್ಡ ದೂರು ಹೊಳೆ ದಾಟುವುದರದ್ದು. ಕಾಲೇಜು, ಮೀನುಗಾರಿಕೆ ದಕ್ಕೆ, ವೆನ್‌ಲಾಕ್ ಆಸ್ಪತ್ರೆ ಎಲ್ಲವೂ ಆಚೆ. ಫೆರಿ ಇಲ್ಲದ ಹೊತ್ತಿನಲ್ಲಿ ತಣ್ಣೀರುಬಾವಿ, ಕೂಳೂರು ಸುತ್ತಿ ಬರಬೇಕು. ಅದು ಹತ್ತು ಕಿಲೋಮೀಟರಿಗೂ ಹೆಚ್ಚು. ‘ಹಗಲು ಹೇಗೂ ಆಗ್ತದೆ ಅಣ್ಣ. ರಾತ್ರಿ ಯಾರಿಗಾದ್ರೂ ಉಸಿರಾಟ ಕಷ್ಟ ಆದ್ರೆ ಎಂತ ಮಾಡುವುದು? ಮಳೆಗಾಲದಲ್ಲಿ ಕೇಳುವುದೇ ಬೇಡ’ ಎಂದರು ಮೀನಿನ ಬುಟ್ಟಿಯೊಂದಿಗೆ ದೋಣಿಗೆ ಕಾದಿದ್ದ ಮಹಿಳೆ. ಸುಲ್ತಾನ್ ಬತ್ತೇರಿಯಿಂದ ಇಲ್ಲಿಗೆ ತೂಗುಸೇತುವೆ ಕಟ್ಟುವ ಮಾತು ವರ್ಷಗಳಿಂದ ಕೇಳಿಬರುತ್ತಿದೆ. ಆದರೆ ಪ್ರವಾಸಿಗರಿಗೆ ಚಂದ ಕಾಣುವುದಕ್ಕಿಂತ ಮೊದಲು ಇಲ್ಲಿಯವರ ಆಪತ್ತಿಗೆ ಆಗುವುದು ಬೇಕು.

ಹೊಳೆ ಬದಿಯ ಜಾಗದ ಚಿಂತೆಯೂ ಇದೆ. ಬಲೆ ಹರವಲು, ದೋಣಿ ಎಳೆದಿಡಲು ದಡ ಬೇಕು. ಹೊರಗಿನ ಕಣ್ಣಿಗೆ ಅದು ಖಾಲಿ ಮರಳು; ನಾಡದೋಣಿಯವರಿಗೆ ಅದೇ ಕೆಲಸದ ಅಂಗಳ. ಇಲ್ಲಿ ಏನೇ ಯೋಜನೆ ಬರಲಿ, ಅವರನ್ನು ಕೂರಿಸಿಕೊಂಡು ಕೇಳಿದ ಮೇಲೆಯೇ ಬರಲಿ.

ಬೆಂಗ್ರೆಗೆ ಹೋಗುವವರು ಫೆರಿಯಲ್ಲೇ ಹೋಗಿ, ವಾಹನ ನಗರದ ದಡದಲ್ಲೇ ಬಿಡಿ. ಪ್ಲಾಸ್ಟಿಕ್ ಮರಳಿಗೆ ಎಸೆಯಬೇಡಿ. ಆಡಳಿತ ನಡೆಸುವವರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಸೇತುವೆ ಆಗುವಾಗ ಆಗಲಿ, ಅಲ್ಲಿಯವರೆಗೆ ರಾತ್ರಿಯ ತುರ್ತಿಗೆಂದು ಕಡವಿನಲ್ಲಿ ಒಂದು ಬೋಟು, ಒಬ್ಬ ಚಾಲಕ ಸದಾ ಇರುವಂತೆ ಮಾಡಿ.