ಬೀಗ ಹಾಕಿದ್ದು ಸರಿ, ಕಾರಣ ಎಲ್ಲಿ?

2020ರ ಜೂನ್ 15ರಂದು ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಹುತಾತ್ಮರಾದರು. ಎರಡು ವಾರ ಕಳೆದು, ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳಿಗೆ ಬೀಗ ಬಿತ್ತು. ಗಡಿಗೂ ನಿಮ್ಮ ಮೊಬೈಲಿಗೂ ಏನು ಸಂಬಂಧ ಅಂತೀರಾ? ಇದೆ ವೀಕ್ಷಕರೇ.

ಆ್ಯಪ್ ಹಾಕಿಕೊಳ್ಳುವಾಗ ಲೊಕೇಶನ್, ಕಾಂಟ್ಯಾಕ್ಟ್ಸ್, ಕ್ಯಾಮೆರಾ ಎಲ್ಲದಕ್ಕೂ 'ಅಲೋ' ಒತ್ತಿಬಿಡ್ತೀವಿ. ಆ ಮಾಹಿತಿ ಕಂಪನಿಯ ಸರ್ವರ್ ಸೇರಬಹುದು. ಚೀನಾದ 2017ರ ಗುಪ್ತಚರ ಕಾನೂನಿನ 7ನೇ ವಿಧಿ ಪ್ರಕಾರ ಅಲ್ಲಿನ ಸಂಸ್ಥೆಗಳು ದೇಶದ ಗುಪ್ತಚರ ಕೆಲಸಕ್ಕೆ ನೆರವಾಗಲೇಬೇಕು. ಒಬ್ಬ ಯೋಧನ ಲೊಕೇಶನ್‌ನಿಂದ ಹೆಚ್ಚೇನೂ ತಿಳಿಯದಿರಬಹುದು. ಸಾವಿರ ಯೋಧರದ್ದು ಒಟ್ಟು ಸೇರಿದರೆ? ಸೇನೆ ಎಲ್ಲಿದೆ, ಎತ್ತ ಹೊರಟಿದೆ ಅನ್ನೋದೇ ಗೊತ್ತಾಗಿಬಿಡುತ್ತೆ. ಅಪಾಯ ಕಟ್ಟುಕಥೆಯಲ್ಲ.

ಬೀಗ ಹಾಕುವ ಅಧಿಕಾರ ಸರ್ಕಾರಕ್ಕೆ ಬಂದಿದ್ದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನ್‌ನಿಂದ. ದೇಶದ ಸಾರ್ವಭೌಮತೆ, ರಕ್ಷಣೆ, ಭದ್ರತೆಗೆ ಧಕ್ಕೆ ಎನಿಸಿದರೆ ತಡೆಯಬಹುದು. ಆದರೆ ಕಾರಣವನ್ನು ಬರೆದಿಡಬೇಕು. 2015ರಲ್ಲಿ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಸೆಕ್ಷನ್ನನ್ನು ಎತ್ತಿಹಿಡಿದಿದೆ. ಸರಿ, ಬರೆದಿಟ್ಟ ಕಾರಣ ನಾವು ಓದಬಹುದಾ? ಇಲ್ಲ. 2009ರ ನಿಯಮಾವಳಿಯ 16ನೇ ನಿಯಮದಂತೆ ದೂರು, ಕ್ರಮ ಎಲ್ಲವೂ ಗೌಪ್ಯ.

ಬಿಜಿಎಂಐ ಗೇಮ್ ನೆನಪಿದೆಯಲ್ವಾ? 2022ರ ಜುಲೈನಲ್ಲಿ ಆ್ಯಪ್ ಸ್ಟೋರ್‌ಗಳಿಂದ ಮಾಯವಾಯಿತು. 2023ರ ಮೇನಲ್ಲಿ ವಾಪಸ್ ಬಂತು. ಸರ್ವರ್ ಇರುವ ಜಾಗ, ಡೇಟಾ ಸುರಕ್ಷತೆಯ ವಿಷಯ ಸರಿಪಡಿಸಿದ್ದಾರೆ ಎಂಬ ಚುಟುಕು ಮಾತು ಬಂತು. ಅಲ್ಲಿವರೆಗೆ ಆಡಿದ ಹುಡುಗರ ಡೇಟಾ ಎಲ್ಲಿ ಹೋಗಿತ್ತು? ಆಡಿದವರಿಗೆ ಯಾರೂ ವಿವರಿಸಲಿಲ್ಲ.

ಈಗ ಇನ್ನೊಂದು ಕಡೆ ನೋಡಿ. 2020ರ ಜನವರಿಯಲ್ಲಿ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಟರ್ನೆಟ್ ಸ್ಥಗಿತದ ಆದೇಶಗಳನ್ನು ಪ್ರಕಟಿಸಬೇಕು ಎಂದಿತು. ಇಡೀ ಊರಿನ ಇಂಟರ್ನೆಟ್ ನಿಲ್ಲಿಸಿದರೆ ಆದೇಶ ಜನರ ಮುಂದಿಡಬೇಕು, ಒಂದು ಆ್ಯಪ್ ನಿಲ್ಲಿಸಿದರೆ ಗುಟ್ಟು! ಇದ್ಯಾವ ಲೆಕ್ಕ?

ಗುಪ್ತಚರರ ಮೂಲ ಗೌಪ್ಯವಾಗಿರಲಿ, ಅದರಲ್ಲಿ ತಕರಾರಿಲ್ಲ. ಆದರೆ ಯಾವ ಡೇಟಾ ಎಲ್ಲಿಗೆ ಹೋಯಿತು ಅನ್ನೋದನ್ನಾದರೂ ಹೇಳಿ. ಆ್ಯಪ್ ಅಳಿಸಿದರೆ ಐಕಾನ್ ಹೋಗುತ್ತೆ, ಹೋದ ಡೇಟಾ ವಾಪಸ್ ಬರಲ್ಲ. ಕಾರಣ ಗೊತ್ತಿದ್ದವನು ಮುಂದಿನ ಆ್ಯಪ್‌ನಲ್ಲಿ 'ಅಲೋ' ಒತ್ತುವ ಮೊದಲು ಒಂದು ಕ್ಷಣ ಯೋಚಿಸ್ತಾನೆ. ಅದೂ ದೇಶದ ಭದ್ರತೆಯೇ.