ಬಲಶಾಲಿಯನ್ನೂ ಬಂಧಿಸುವ ಒಡಂಬಡಿಕೆ: ಅರಸ, ದೇವರು, ದಾಂಪತ್ಯ ಕುರಿತ ಯೆಹೂದ್ಯ ಚಿಂತನೆ

ಯಾವುದಾದರೊಂದು ಕಾರಣಕ್ಕಾಗಿ ಪತ್ನಿಯನ್ನು ಬಿಟ್ಟುಬಿಡುವುದು ಧರ್ಮಸಮ್ಮತವೇ ಎಂದು ಫರಿಸಾಯರು ಯೇಸುಸ್ವಾಮಿಯನ್ನು ಪ್ರಶ್ನಿಸಿದ ಪ್ರಸಂಗ ಮತ್ತಾಯನ ಶುಭಸಂದೇಶದ 19ನೇ ಅಧ್ಯಾಯದಲ್ಲಿದೆ. ವಿವಾಹದ ಬಲಿಪೂಜೆಗಳಲ್ಲಿ ಈ ಅಧ್ಯಾಯದ ವಾಚನವನ್ನು ನಾವು ಆಗಾಗ ಆಲಿಸುತ್ತೇವೆ. ಆದರೆ ಆ ಪ್ರಶ್ನೆ ಅಂದು ಎಲ್ಲಿಂದ ಹುಟ್ಟಿತೆಂದು ವಿಚಾರಿಸುವವರು ವಿರಳ. ಯೆಹೂದ್ಯ ಧರ್ಮಪಂಡಿತರ ಎರಡು ಗುರುಪರಂಪರೆಗಳು ಆ ಕಾಲದಲ್ಲಿ ಇದೇ ವಿಷಯವಾಗಿ ತೀವ್ರವಾಗಿ ವಾದಿಸುತ್ತಿದ್ದವು. ವ್ಯಭಿಚಾರದಂಥ ದೋಷವಿಲ್ಲದೆ ಪತ್ನಿಯನ್ನು ಬಿಡಲಾಗದು ಎಂಬುದು ಶಮ್ಮಾಯನ ಶಿಷ್ಯರ ನಿಲುವು. ಅಡುಗೆ ಕೆಡಿಸಿದರೂ ಅದು ಸಾಕಾದ ಕಾರಣವೆಂಬುದು ಹಿಲ್ಲೇಲನ ಶಿಷ್ಯರ ಮತ. ಕ್ರಿ.ಶ. 200ರ ಸುಮಾರಿಗೆ ಸಂಗ್ರಹಗೊಂಡ ಮಿಷ್ನಾ ಎಂಬ ಗ್ರಂಥವು ಈ ಎರಡನ್ನೂ, ಇವುಗಳಿಗಿಂತ ಸಡಿಲವಾದ ರಬ್ಬಿ ಅಕೀವನ ಮತವನ್ನೂ ಒಂದರ ಪಕ್ಕದಲ್ಲೊಂದು ದಾಖಲಿಸಿದೆ.

ಸೋತವರ ವಾದವನ್ನೂ ಅಳಿಸದೆ ಉಳಿಸಿಕೊಳ್ಳುವುದು ಯೆಹೂದ್ಯ ಪರಂಪರೆಯ ವಿಶೇಷ. ಹೀಗಾಗಿ ಯೆಹೂದ್ಯ ಧರ್ಮದ ಅಭಿಪ್ರಾಯ ಇದೊಂದೇ ಎಂದು ಯಾವ ವಿಷಯದಲ್ಲಿಯೂ ಹೇಳುವುದು ಕಷ್ಟ. ಆದರೂ ರಾಜ್ಯಾಡಳಿತ, ದೈವವಿಶ್ವಾಸ, ವಿವಾಹ ಈ ಮೂರರ ಕುರಿತ ಅವರ ಚರ್ಚೆಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಒಂದು ಎಳೆ ಸ್ಪಷ್ಟವಾಗಿ ಕಾಣುತ್ತದೆ. ಒಡಂಬಡಿಕೆ ಎಂಬುದು ದುರ್ಬಲನಿಗಷ್ಟೇ ಅಲ್ಲ. ಅದು ಮೊದಲು ಕಟ್ಟಿಹಾಕಬೇಕಾದುದು ಬಲಶಾಲಿಯ ಕೈಗಳನ್ನು.

ಅರಸನ ಪಕ್ಕದಲ್ಲಿ ಧರ್ಮಶಾಸ್ತ್ರ

ಧರ್ಮೋಪದೇಶಕಾಂಡದ 17ನೇ ಅಧ್ಯಾಯವು ಅರಸನಿಗೆ ಮಿತಿಗಳನ್ನು ವಿಧಿಸುತ್ತದೆ. ಅವನು ಕುದುರೆಗಳನ್ನಾಗಲಿ, ಪತ್ನಿಯರನ್ನಾಗಲಿ, ಬೆಳ್ಳಿಬಂಗಾರವನ್ನಾಗಲಿ ಹೆಚ್ಚಿಸಿಕೊಳ್ಳಬಾರದು. ಧರ್ಮಶಾಸ್ತ್ರದ ಪ್ರತಿಯೊಂದನ್ನು ಬರೆಸಿಕೊಂಡು ಜೀವಮಾನವಿಡೀ ಓದಬೇಕು. ಸೋದರರಿಗಿಂತ ತಾನು ಮೇಲೆಂದು ಗರ್ವಪಡಬಾರದು. ಯುದ್ಧಕ್ಕೆ ಹೊರಟಾಗಲೂ, ನ್ಯಾಯಪೀಠದಲ್ಲಿ ಕುಳಿತಾಗಲೂ, ಊಟದ ವೇಳೆಯಲ್ಲೂ ಆ ಸುರುಳಿ ಅವನ ಬಳಿಯಲ್ಲಿಯೇ ಇರಬೇಕೆಂದು ಮಿಷ್ನಾ ವಿಧಿಸಿತು.

ಅರಸನೇ ಬೇಕೆ ಎಂಬ ವಿಷಯದಲ್ಲಿಯೂ ಒಮ್ಮತವಿರಲಿಲ್ಲ. ಅರಸನನ್ನು ನೇಮಿಸುವುದು ದೇವರ ಆಜ್ಞೆ ಎಂದವನು ರಬ್ಬಿ ಯೆಹೂದ. ಜನರ ಗೊಣಗಾಟಕ್ಕೆ ಉತ್ತರವಾಗಿಯಷ್ಟೇ ಆ ಮಾತು ಬಂತೆಂದವನು ರಬ್ಬಿ ನೆಹೋರಾಯ್. ಅರಸನು ನಿಮ್ಮ ಮಕ್ಕಳನ್ನೂ ಹೊಲತೋಟಗಳನ್ನೂ ಕಸಿದುಕೊಳ್ಳುವನೆಂದು ಪ್ರವಾದಿ ಸಮುವೇಲನು ನೀಡಿದ ಎಚ್ಚರಿಕೆ ಈ ಚರ್ಚೆಯ ಹಿನ್ನೆಲೆಯಲ್ಲಿತ್ತು. ಸ್ಪೇನಿನ ಕೋರ್ಡೋಬಾದಲ್ಲಿ ಜನಿಸಿ ಈಜಿಪ್ಟಿನಲ್ಲಿ ನೆಲೆಸಿದ ಮಹಾಪಂಡಿತ ಮೈಮೊನಿಡೀಸನು (1138-1204) ಮೊದಲ ಪಕ್ಷವನ್ನು ಎತ್ತಿಹಿಡಿದನು. ಆದರೆ ಅರಸನು ದೇವರ ಆಜ್ಞೆಯನ್ನು ಮೀರುವಂತೆ ಆದೇಶಿಸಿದರೆ ಅದನ್ನು ಪಾಲಿಸಬಾರದೆಂದೂ ಅವನೇ ಬರೆದನು.

ಇಸಾಕ್ ಅಬ್ರಬನೇಲನ (1437-1508) ನಿಲುವು ಇದಕ್ಕೆ ವಿರುದ್ಧ. ಪೋರ್ಚುಗಲ್, ಸ್ಪೇನ್, ನೇಪಲ್ಸ್‌ಗಳ ಅರಸರ ಸೇವೆಯಲ್ಲಿದ್ದು, 1492ರಲ್ಲಿ ಸ್ಪೇನಿನಿಂದ ತನ್ನ ಜನರೊಡನೆ ಹೊರದೂಡಲ್ಪಟ್ಟವನು ಅವನು. ಅರಸೊತ್ತಿಗೆ ಅನಿವಾರ್ಯವಲ್ಲ, ಅವಧಿಗೊಮ್ಮೆ ಬದಲಾಗುವ ಹಲವರ ಆಡಳಿತವೇ ಮೇಲು ಎಂಬ ತೀರ್ಮಾನಕ್ಕೆ ಬಂದ ಅವನು ವೆನಿಸ್, ಫ್ಲಾರೆನ್ಸ್, ಜಿನೋವಾ ನಗರಗಳನ್ನು ನಿದರ್ಶನವಾಗಿ ನೀಡಿದನು. ಅರಮನೆಯನ್ನು ಒಳಗಿನಿಂದ ಕಂಡವನ ಮಾತದು.

ದೇವರೊಡನೆ ವಾದ

ಸೊದೋಮ್ ನಗರವನ್ನು ಉಳಿಸಲು ಅಬ್ರಹಾಮನು ಐವತ್ತು ನೀತಿವಂತರಿಂದ ಆರಂಭಿಸಿ ಹತ್ತಕ್ಕಿಳಿಯುವವರೆಗೆ ದೇವರೊಡನೆ ಚೌಕಾಶಿ ಮಾಡಿದನು. ಇದನ್ನು ಉದ್ಧಟತನವೆಂದು ಯೆಹೂದ್ಯ ಪಂಡಿತರು ಭಾವಿಸಲಿಲ್ಲ. ಸರ್ವಲೋಕದ ನ್ಯಾಯಾಧಿಪತಿಯೂ ನ್ಯಾಯಕ್ಕೆ ಬದ್ಧನೆಂಬ ವಿಶ್ವಾಸವೇ ಆ ಧೈರ್ಯದ ಮೂಲ. ತಾಲ್ಮುದ್ ಗ್ರಂಥದಲ್ಲಿ ಇನ್ನೊಂದು ಸ್ವಾರಸ್ಯಕರ ಕಥೆಯಿದೆ. ಶುದ್ಧಾಚಾರದ ಒಂದು ವ್ಯಾಜ್ಯದಲ್ಲಿ ರಬ್ಬಿ ಎಲಿಯೇಜರನ ಪರವಾಗಿ ಆಕಾಶವಾಣಿಯೇ ನುಡಿಯಿತು. ಆಗ ರಬ್ಬಿ ಯೆಹೋಶುವನು ಎದ್ದುನಿಂತು, ಧರ್ಮಶಾಸ್ತ್ರವು ಸ್ವರ್ಗದಲ್ಲಿಲ್ಲವೆಂದನು. ಅದನ್ನು ಮಾನವರಿಗೆ ಕೊಟ್ಟಾಗಿದೆ, ಬಹುಮತವೇ ತೀರ್ಮಾನ ಎಂದು ಆ ಮಾತಿಗೆ ತಾಲ್ಮುದ್ ಅರ್ಥ ನೀಡುತ್ತದೆ. ಇದನ್ನು ಕೇಳಿ ದೇವರು ನಕ್ಕು, ತನ್ನ ಮಕ್ಕಳು ತನ್ನನ್ನು ಗೆದ್ದರೆಂದನಂತೆ.

ವಿಶ್ವಾಸವನ್ನು ಆಜ್ಞೆಯಿಂದ ತರಲು ಸಾಧ್ಯವೇ ಎಂಬುದೂ ಚರ್ಚೆಗೆ ಒಳಗಾಯಿತು. ದೇವರಿದ್ದಾನೆಂದು ಅರಿಯುವುದೇ ಆಜ್ಞೆಗಳಲ್ಲಿ ಮೊದಲನೆಯದು ಎಂದ ಮೈಮೊನಿಡೀಸನು ವಿಶ್ವಾಸದ ಹದಿಮೂರು ತತ್ವಗಳನ್ನು ಪಟ್ಟಿಮಾಡಿದನು. ಹಸ್ದಾಯ್ ಕ್ರೆಸ್ಕಾಸನು ಇದನ್ನು ಒಪ್ಪಲಿಲ್ಲ. ಆಜ್ಞಾಪಿಸುವವನನ್ನು ಮೊದಲೇ ನಂಬಿದವನಿಗೆ ಮಾತ್ರ ಆಜ್ಞೆಗೆ ಅರ್ಥವಿದೆ. ಆದ್ದರಿಂದ ವಿಶ್ವಾಸವನ್ನೇ ಆಜ್ಞಾಪಿಸಲಾಗದು ಎಂಬುದು ಅವನ ತರ್ಕ. 1391ರಲ್ಲಿ ಸ್ಪೇನಿನಲ್ಲಿ ಯೆಹೂದ್ಯರ ಮೇಲೆ ನಡೆದ ಹಲ್ಲೆಗಳಲ್ಲಿ ಕ್ರೆಸ್ಕಾಸನ ಏಕಮಾತ್ರ ಪುತ್ರ ಬಾರ್ಸಿಲೋನಾದಲ್ಲಿ ಹತನಾದನು. ಹಲ್ಲೆ ನಡೆಸಿದವರು ಕ್ರೈಸ್ತರೆನಿಸಿಕೊಂಡವರೇ ಎಂಬುದನ್ನು ನಾವು ಮರೆಯುವಂತಿಲ್ಲ. ಅಂಥ ದುಃಖದ ನಂತರವೂ, ಆತ್ಮದ ಪರಮಗುರಿ ಜ್ಞಾನವಲ್ಲ, ದೇವರ ಪ್ರೀತಿ ಎಂದು ಅವನು 1410ರಲ್ಲಿ ಮುಗಿಸಿದ ತನ್ನ ಮಹಾಗ್ರಂಥದಲ್ಲಿ ಪ್ರತಿಪಾದಿಸಿದನು.

ಪತ್ನಿಯ ಕೈಯಲ್ಲಿರುವ ಪತ್ರ

ದೇವರು ಮತ್ತು ಇಸ್ರಯೇಲರ ಸಂಬಂಧವನ್ನು ಪ್ರವಾದಿ ಹೊಶೇಯನು ದಾಂಪತ್ಯಕ್ಕೆ ಹೋಲಿಸಿದ್ದಾನೆ. ಸೀನಾಯ್ ಬೆಟ್ಟದ ಒಡಂಬಡಿಕೆಯನ್ನು ವಿವಾಹವೆಂದೇ ಭಾವಿಸಿ, ವಾರಗಳ ಹಬ್ಬದಂದು ಅದರ ವಿವಾಹಪತ್ರವನ್ನು ಓದುವ ಪದ್ಧತಿ ಸೆಫಾರ್ದಿ ಯೆಹೂದ್ಯರಲ್ಲಿದೆ.

ಈ ಪತ್ರಕ್ಕೆ ಕೆತುಬಾ ಎಂದು ಹೆಸರು. ಇದನ್ನು ಅರಮೇಯ ಭಾಷೆಯಲ್ಲಿ ಬರೆದು, ಸಾಕ್ಷಿಗಳು ಸಹಿಮಾಡಿ, ವಧುವಿಗೆ ಒಪ್ಪಿಸುತ್ತಾರೆ. ಇದರಲ್ಲಿ ಕಾಣುವ ಹೊಣೆಗಳು ವರನವು. ಅನ್ನ, ವಸ್ತ್ರ, ದಾಂಪತ್ಯಸುಖಗಳನ್ನು ಪತ್ನಿಗೆ ನಿರಾಕರಿಸಬಾರದೆಂಬ ವಿಮೋಚನಾಕಾಂಡದ ವಿಧಿ ಇದರ ಬೇರು. ವಿಚ್ಛೇದನವಾದರೆ ಅಥವಾ ಪತಿ ಮೃತನಾದರೆ ಕನ್ಯೆಯಾಗಿ ಬಂದವಳಿಗೆ 200 ಜೂಜ್, ವಿಧವೆಯಾಗಿ ಬಂದವಳಿಗೆ 100 ಜೂಜ್ ನಾಣ್ಯ ಸಲ್ಲಬೇಕೆಂದು ಮಿಷ್ನಾ ಗೊತ್ತುಪಡಿಸಿತು. ಕ್ರಿಸ್ತಪೂರ್ವ ಮೊದಲ ಶತಮಾನದಲ್ಲಿ ಶಿಮೋನ್ ಬೆನ್ ಶೆತಾಹನು ಪತಿಯ ಸಮಸ್ತ ಆಸ್ತಿಯೂ ಇದಕ್ಕೆ ಆಧಾರವೆಂದು ವಿಧಿಸಿದನು. ಪತ್ನಿಯನ್ನು ಹೊರಗಟ್ಟುವುದು ಪತಿಗೆ ಹಗುರವೆನಿಸಬಾರದು ಎಂಬುದೇ ಇದರ ಉದ್ದೇಶ. ಪತ್ರ ಕಳೆದುಹೋದರೆ ಹೊಸದನ್ನು ಬರೆಸದೆ ಸಂಸಾರ ಮುಂದುವರಿಸುವಂತಿಲ್ಲ.

ಆದರೆ ಇದೇ ಕಾನೂನಿನಲ್ಲಿ ಒಂದು ನೋವಿನ ಗಂಟೂ ಇದೆ. ಗೇಟ್ ಎಂಬ ವಿಚ್ಛೇದನಪತ್ರವನ್ನು ಪತಿಯೇ ಸ್ವಇಚ್ಛೆಯಿಂದ ನೀಡಬೇಕು. ಅವನು ನಿರಾಕರಿಸಿದರೆ ಅಥವಾ ಕಣ್ಮರೆಯಾದರೆ ಪತ್ನಿ ಅಗುನಾ, ಅಂದರೆ ಬಂಧಿತೆ. ಮರುವಿವಾಹ ಅವಳಿಗೆ ಅಸಾಧ್ಯ. ಸುಮಾರು ಸಾವಿರ ವರ್ಷಗಳ ಹಿಂದೆ ಜರ್ಮನಿಯ ಮೈನ್ಸ್ ನಗರದ ರಬ್ಬಿ ಗೆರ್ಶೋಮನ ಹೆಸರಿನಲ್ಲಿ ಬಹುಪತ್ನಿತ್ವಕ್ಕೂ, ಪತ್ನಿಯ ಸಮ್ಮತಿಯಿಲ್ಲದ ವಿಚ್ಛೇದನಕ್ಕೂ ನಿಷೇಧ ಬಂತು. ಹಟಮಾರಿ ಪತಿಯನ್ನು ನ್ಯಾಯಸ್ಥಾನ ಬಲವಂತದಿಂದಲಾದರೂ ಒಪ್ಪಿಸಬಹುದೆಂದು ಮೈಮೊನಿಡೀಸನು ಬರೆದನು. ಇಸ್ರೇಲಿನಲ್ಲಿ 1953ರ ಕಾಯಿದೆಯಂತೆ ಯೆಹೂದ್ಯರ ವಿವಾಹ ಮತ್ತು ವಿಚ್ಛೇದನಗಳು ಧಾರ್ಮಿಕ ನ್ಯಾಯಾಲಯಗಳ ಅಧೀನದಲ್ಲಿವೆ. ಗೇಟ್ ನೀಡದ ಪತಿಯ ವಾಹನಪರವಾನಗಿ, ಪಾಸ್‌ಪೋರ್ಟ್, ಬ್ಯಾಂಕ್ ಖಾತೆಗಳ ಮೇಲೆ ನಿರ್ಬಂಧ ಹೇರಲೂ, ಅವನನ್ನು ಸೆರೆಯಲ್ಲಿಡಲೂ 1995ರ ಕಾಯಿದೆ ಅವಕಾಶ ನೀಡಿತು. ಆದರೂ ಬಂಧಿತೆಯರ ಸಂಕಟ ಇನ್ನೂ ಮುಗಿದಿಲ್ಲ. ಬಲಶಾಲಿಯನ್ನು ಕಟ್ಟಲು ಹುಟ್ಟಿದ ಧರ್ಮ ಎಲ್ಲಿ ಅವನ ಕೈಯ ಆಯುಧವಾಗುತ್ತದೆಯೋ ಅಲ್ಲಿ ಪಂಡಿತರ ವಾದ ಮತ್ತೆ ಆರಂಭವಾಗುತ್ತದೆ.

ನಮಗೊಂದು ಕನ್ನಡಿ

ಯೇಸುಸ್ವಾಮಿ ತಮ್ಮ ಉತ್ತರದಲ್ಲಿ ಎರಡೂ ಪಕ್ಷಗಳನ್ನು ದಾಟಿ ಆದಿಕಾಂಡದ ಆರಂಭಕ್ಕೇ ಮರಳಿದರು. ಧರ್ಮಸಭೆಯ ಬೋಧನೆ ಆ ಉತ್ತರದ ಮೇಲೆ ನಿಂತಿದೆ. ನಮ್ಮಲ್ಲಿ ವಿಚ್ಛೇದನಕ್ಕೆ ಎಡೆಯಿಲ್ಲ. ಆದರೆ 1983ರ ಧರ್ಮಸಭೆಯ ಕಾನೂನು ಸಂಹಿತೆ ತನ್ನ 1055ನೇ ವಿಧಿಯಲ್ಲಿ ವಿವಾಹವನ್ನು ಒಡಂಬಡಿಕೆಯೆಂದೇ ಕರೆಯುತ್ತದೆ. ಈ ಪದವನ್ನು ನಾವು ಪಡೆದದ್ದು ಇಸ್ರಯೇಲರಿಂದ. 1965ರ ಅಕ್ಟೋಬರ್ 28ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಯೆಹೂದ್ಯರೊಡನೆ ಸೋದರ ಸಂವಾದಕ್ಕೆ ಕರೆನೀಡಿದ್ದೂ ಈ ಬಂಧುತ್ವವನ್ನು ನೆನೆದೇ.

ಬಿಡಿಸಲಾಗದ ಬಂಧ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಯಾರು ಯಾರಿಗೆ ಹೇಳುತ್ತಾರೆ? ಸಹಿಸುತ್ತಿರುವವಳಿಗೆ ಮಾತ್ರವೇ ಅದನ್ನು ನೆನಪಿಸುತ್ತಿದ್ದರೆ ನಾವು ಒಡಂಬಡಿಕೆಯ ಅರ್ಧವನ್ನಷ್ಟೇ ಓದಿದ್ದೇವೆ. ಅರಸನ ಊಟದ ಬಳಿಯಲ್ಲೂ ಧರ್ಮಶಾಸ್ತ್ರದ ಸುರುಳಿ ಇರಬೇಕೆಂದವರು, ಗಂಡನ ಮನೆಯಲ್ಲಿ ಅವನ ಹೊಣೆಗಳ ಪತ್ರವನ್ನು ಹೆಂಡತಿಯ ಕೈಗೆ ಕೊಟ್ಟರು. ಉಳಿದರ್ಧ ಆ ಪತ್ರದಲ್ಲಿದೆ.